ಹೊಲದ ಹಂದಿ, ಬದುವಿನ ತಂತಿ: ಕಪ್ಪತಗುಡ್ಡದ ಸುತ್ತಲಿನ ಜೈನ ಭೂಮಾಲೀಕರ ಮುಂದಿರುವ ಪ್ರಶ್ನೆ

ಗದಗ: ಕಾಡುಪ್ರಾಣಿಗಳಿಂದ ಆಗುವ ಬೆಳೆ ಹಾನಿಯನ್ನೂ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. 2026ರ ಮುಂಗಾರಿನಿಂದ ಇದು ಜಾರಿ ಎಂದು ಸಚಿವಾಲಯ ಹೇಳಿದೆ. ಹಾನಿಯಾದ 72 ಗಂಟೆಯೊಳಗೆ ಬೆಳೆ ವಿಮೆಯ ಆ್ಯಪ್‌ನಲ್ಲಿ ಸ್ಥಳದ ಗುರುತಿರುವ ಫೋಟೊ ಹಾಕಿ ದೂರು ದಾಖಲಿಸಬೇಕು. ಯಾವ ಜಿಲ್ಲೆ, ಯಾವ ಪ್ರಾಣಿ ಎಂಬ ಪಟ್ಟಿಯನ್ನು ಆಯಾ ರಾಜ್ಯ ಸರ್ಕಾರವೇ ಅಧಿಸೂಚಿಸಬೇಕು. ಇದಕ್ಕೆ ಒಂದು ತಿಂಗಳ ಮುಂಚೆ, ಅಕ್ಟೋಬರ್‌ನಲ್ಲಿ, ಕೇರಳ ವಿಧಾನಸಭೆ ವನ್ಯಜೀವಿ ಕಾಯ್ದೆಗೆ ತನ್ನದೇ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತ್ತು. ಉಪದ್ರವ ಕೊಡುವ ಪ್ರಾಣಿಯನ್ನು ಕೊಲ್ಲಲು ದಾರಿ ಸಲೀಸು ಮಾಡುವುದು ಅದರ ಗುರಿ.

ಒಂದು ಸರ್ಕಾರ ಹಾನಿಗೆ ಹಣ ಕೊಡುತ್ತೇನೆ ಎನ್ನುತ್ತದೆ, ಇನ್ನೊಂದು ಗುಂಡು ಹೊಡೆಯಲು ಬಿಡಿ ಎನ್ನುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಹೊಲ ಇರುವ ಜೈನ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಅರ್ಧ ಎಕರೆ ಕೆದರಿ ಹೋದರೆ ಅಹಿಂಸೆಯ ಮಾತು ಮನೆಯಲ್ಲಿ ಬೇರೆ ಧ್ವನಿಯಲ್ಲಿ ಕೇಳಿಸುತ್ತದೆ.

ಮೊದಲು ನೆಲದ ಸ್ಥಿತಿ ನೋಡಬೇಕು. ಕಪ್ಪತಗುಡ್ಡದ ಸಾಲು ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿದೆ. 2015ರ ಡಿಸೆಂಬರ್‌ನಲ್ಲಿ ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಸರ್ಕಾರ ಮರುವರ್ಷ ಆ ಆದೇಶವನ್ನೇ ಹಿಂಪಡೆಯಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಆ ಸ್ಥಾನ ಸಿಕ್ಕಿತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡದಲ್ಲಿ ತೋಳ, ಕತ್ತೆಕಿರುಬ, ನರಿ, ಚಿರತೆ, ಕಾಡುಹಂದಿ ಇವೆ. ಕೃಷ್ಣಮೃಗದ ಹಿಂಡುಗಳು ಗುಡ್ಡಕ್ಕಿಂತ ಬಯಲನ್ನೇ ಮೆಚ್ಚುತ್ತವೆ. ಹೆಸರು, ಶೇಂಗಾ, ಕಡಲೆ ಮೊಳಕೆಯೊಡೆದು ಎರಡೆಲೆ ಬಿಟ್ಟಾಗ ಬಂದು ಚಿಗುರು ಮೇಯುತ್ತವೆ. ಈ ಭಾಗದ ರೈತರು ಎರಡನೇ ಸಲ ಬಿತ್ತುವುದು ಮಳೆ ಕೈಕೊಟ್ಟಾಗ ಮಾತ್ರವಲ್ಲ, ಚಿಗರಿ ಮೇಯ್ದಾಗಲೂ ಹೌದು.

ಗುಡ್ಡಕ್ಕೆ ಬೇಲಿಯಿಲ್ಲ, ಹೊಲಕ್ಕೂ ಇಲ್ಲ. ಮಸಾರಿ ನೆಲದಲ್ಲಿ ಗೋವಿನಜೋಳ ಹೆಚ್ಚಾಗಿದೆ. ತುಂಗಭದ್ರೆಯ ದಂಡೆಯ ಊರುಗಳಲ್ಲಿ, ನೀರಾವರಿ ಮುಟ್ಟಿದ ಕಡೆ, ಕಬ್ಬು ಬಂದಿದೆ. ಕಬ್ಬಿನ ಗದ್ದೆ ಹಂದಿಗೆ ಊಟವೂ ಹೌದು, ಹಗಲು ಅಡಗುವ ಮನೆಯೂ ಹೌದು. ಇನ್ನೊಂದು ಬದಲಾವಣೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಹೊಲಕ್ಕೆ ವಸ್ತಿ ಹೋಗುವವರು ಕಡಿಮೆಯಾಗಿದ್ದಾರೆ. ಹಿಂದೆ ಪೀಕು ಬರುವ ಹೊತ್ತಿಗೆ ಅಟ್ಟಣಿಗೆಯ ಮೇಲೆ ಕಂಬಳಿ ಹೊದ್ದು ಮಲಗಿ, ನಡುರಾತ್ರಿ ಎದ್ದು ಹಲಗೆ ಬಾರಿಸುವ ಗಂಡಾಳು ಪ್ರತಿ ಮನೆಯಲ್ಲೂ ಇರುತ್ತಿದ್ದ. ಈಗ ಆ ಹುಡುಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇದ್ದಾನೆ. ಅವನ ಜಾಗಕ್ಕೆ ಬಂದದ್ದು ತಂತಿ.

ಬದುವಿನ ಗುಂಟ ಗೇಣೆತ್ತರದಲ್ಲಿ ತಂತಿ ಎಳೆದು ಕಂಬದಿಂದಲೋ ಪಂಪ್‌ಸೆಟ್ಟಿನಿಂದಲೋ ನೇರ ಕರೆಂಟ್ ಕೊಡುವುದು ಒಂದು ಬಗೆ. ಬೈಕಿನ ಕ್ಲಚ್ ವೈರಿನಿಂದ ಉರುಳು ಮಾಡಿ ಹಂದಿ ಓಡಾಡುವ ದಾರಿಯಲ್ಲಿ ಕಟ್ಟುವುದು ಇನ್ನೊಂದು. ಹಿಟ್ಟಿನಲ್ಲೋ ಹಣ್ಣಿನಲ್ಲೋ ಸಿಡಿಮದ್ದು ಇಡುವುದು ಮೂರನೆಯದು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆ ಬಾಯಿ ಸಿಡಿದು ನೀರಿನಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಅಂಥ ಸಿಡಿಮದ್ದನ್ನು ಇಡುವುದು ಹಂದಿಗಾಗಿ. ಇಟ್ಟವನ ಮನಸ್ಸಿನಲ್ಲಿರುವ ಪ್ರಾಣಿ ಒಂದು, ಬಾಯಿ ಹಾಕುವ ಪ್ರಾಣಿ ಇನ್ನೊಂದು. ಉರುಳಿಗೆ ತೋಳ, ಕತ್ತೆಕಿರುಬ, ಚಿರತೆ ಬೀಳುತ್ತವೆ. ವಿಷಕ್ಕೆ ನರಿ, ನವಿಲು, ಊರ ನಾಯಿ ಸಾಯುತ್ತವೆ. ಕರೆಂಟ್ ತಂತಿಗೆ ರಾತ್ರಿ ನೀರು ಬಿಡಲು ಹೋದ ಮನುಷ್ಯ ಸಿಕ್ಕಿದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಹೊಸದೇನಲ್ಲ.

ಕಾನೂನು ಏನು ಹೇಳುತ್ತದೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಕೃಷ್ಣಮೃಗ, ತೋಳ ಮೊದಲನೆಯದರಲ್ಲಿವೆ. ಮೊದಲನೇ ಅನುಸೂಚಿಯ ಪ್ರಾಣಿಯನ್ನು ಕೊಂದರೆ 3ರಿಂದ 7 ವರ್ಷ ಸೆರೆ ಮತ್ತು ದಂಡ. "ಬೇಟೆ" ಎಂಬ ಪದಕ್ಕೆ ಕಾಯ್ದೆ ಕೊಟ್ಟಿರುವ ಅರ್ಥ ಬಹಳ ಅಗಲವಾದುದು. ಕೊಲ್ಲುವುದಷ್ಟೇ ಅಲ್ಲ, ವಿಷ ಇಡುವುದು, ಉರುಳು ಹಾಕುವುದು, ಬಲೆಗೆ ಕೆಡವುವುದು, ಆಸೆ ತೋರಿಸಿ ಕರೆಯುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಹಂದಿ ಬೀಳಲಿಲ್ಲ, ಆದ್ದರಿಂದ ಅಪರಾಧವಾಗಲಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ಹಾಗಾದರೆ ರೈತನಿಗೆ ದಾರಿಯೇ ಇಲ್ಲವೆ? ಇದೆ. ಕಾಯ್ದೆಯ 11ನೇ ಕಲಮಿನ ಪ್ರಕಾರ ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೋ ಆಸ್ತಿಗೋ, ನಿಂತ ಬೆಳೆಗೋ ಅಪಾಯವಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ನೀಡಬಹುದು. ಹಾಗೆ ಕೊಂದರೂ ದೇಹ ಸರ್ಕಾರದ ಸ್ವತ್ತು, ತಿನ್ನುವಂತಿಲ್ಲ, ಮಾರುವಂತಿಲ್ಲ. ಬೆಳೆ ರಕ್ಷಣೆಗೆಂದು ಪಡೆದ ಬಂದೂಕು ಪರವಾನಗಿ ತಾನೇ ಈ ಅನುಮತಿಯಲ್ಲ. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದ್ಭಾವದಿಂದ ಹೊಡೆದದ್ದು ಅಪರಾಧವಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಇದನ್ನು ಬಿಟ್ಟು, ಕೇಂದ್ರ ಸರ್ಕಾರ 62ನೇ ಕಲಮಿನಡಿ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಪ್ರಾಣಿಯನ್ನು "ಉಪದ್ರವಕಾರಿ" ಎಂದು ಸಾರಬಹುದು. ಬಿಹಾರದಲ್ಲಿ ನೀಲಗಾಯಿ ಮತ್ತು ಹಂದಿ, ಉತ್ತರಾಖಂಡದಲ್ಲಿ ಹಂದಿ, ಹಿಮಾಚಲದಲ್ಲಿ ಮಂಗ ಹೀಗೆ ಪಟ್ಟಿಗೆ ಸೇರಿದ್ದವು. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ ಹೊರಗಿನಿಂದ ಗುಂಡಿಗರನ್ನು ಕರೆಸಿ ನೂರಾರು ನೀಲಗಾಯಿಗಳನ್ನು ಕೆಡವಿದಾಗ ಕೇಂದ್ರ ಸರ್ಕಾರದ ಇಬ್ಬರು ಸಚಿವರೇ, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿ ಎದುರುಬದುರಾದರು.

ಗುಂಡಿನಿಂದ ಲೆಕ್ಕ ಇಳಿಯುತ್ತದೆಯೆ ಎಂಬ ಪ್ರಶ್ನೆಗೆ ಅಮೆರಿಕದ ಅನುಭವ ಉತ್ತರ ಕೊಡುತ್ತದೆ. ಅಲ್ಲಿ ಕೊಯೋಟಿ ಎಂಬ ನರಿಯಂಥ ಪ್ರಾಣಿಯನ್ನು ಗಾಯಗೊಂಡ ಮೊಲದ ಕೂಗನ್ನು ಅನುಕರಿಸುವ ಸೀಟಿ, ಯಂತ್ರಗಳಿಂದ ಕರೆದು ಹೊಡೆಯುವುದು ಹವ್ಯಾಸವೇ ಆಗಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ವಿಷ, ಬೋನು, ಬಂದೂಕು ಎಲ್ಲ ಬಳಸಿದ ಮೇಲೂ ಕೊಯೋಟಿ ಕುಗ್ಗಲಿಲ್ಲ, ಪಶ್ಚಿಮದ ಬಯಲಿನಿಂದ ಖಂಡದ ಪೂರ್ವ ತುದಿಯವರೆಗೆ ಹರಡಿತು. ಟೆಕ್ಸಾಸ್ ರಾಜ್ಯ 2011ರಲ್ಲಿ ಹೆಲಿಕಾಪ್ಟರ್‌ನಿಂದ ಹಂದಿ ಹೊಡೆಯುವುದಕ್ಕೂ ಬೇಟೆಗಾರರಿಗೆ ಅವಕಾಶ ಕೊಟ್ಟಿತು. ಹಂದಿ ಕಾಟ ಇಂದಿಗೂ ಇದೆ. ಅಲ್ಲಿನ ಹಂದಿ ಯುರೋಪಿನವರು ತಂದು ಬಿಟ್ಟದ್ದು. ನಮ್ಮದು ಈ ಮಣ್ಣಿನದೇ, ಚಿರತೆ ತೋಳಗಳಿಗೆ ಆಹಾರವಾದದ್ದು. ಹೆಣ್ಣು ಹಂದಿ ನಾಲ್ಕು ತಿಂಗಳೊಳಗೆ ಗಬ್ಬ ತುಂಬಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಹಂದಿಯ ಮರಿ ಹಿಡಿಯುವ ತೋಳವನ್ನೂ ಇಲಿ ಹಿಡಿಯುವ ನರಿಯನ್ನೂ ವಿಷ ಇಟ್ಟು ಕೊಂದು, ಆಮೇಲೆ ಹಂದಿ ಇಲಿ ಹೆಚ್ಚಾದವು ಎಂದು ಗೋಳಾಡುವುದರಲ್ಲಿ ಲೆಕ್ಕದ ತಪ್ಪೂ ಇದೆ.

ಕುರಿಗಾರರ ಸಂಕಟ ಬೇರೆ. ಹಟ್ಟಿಯಿಂದ ತೋಳ ಮರಿ ಒಯ್ದರೆ ಅವರ ವರ್ಷದ ಆದಾಯಕ್ಕೆ ಪೆಟ್ಟು. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಧಾಮ ಬಂದಿದೆ. ನರಿಯನ್ನಂತೂ ಬೆಳೆಗಾಗಿ ಅಲ್ಲ, "ನರಿ ಕೊಂಬು" ಎಂಬ ಇಲ್ಲದ ವಸ್ತುವಿಗಾಗಿ ಕೊಲ್ಲುವವರಿದ್ದಾರೆ. ನರಿಗೆ ಕೊಂಬಿರುವುದಿಲ್ಲ, ಆ ತಾಯತ ಕೊಳ್ಳುವವರಲ್ಲಿ ಓದಿದವರೂ ಇದ್ದಾರೆ.

ಶ್ರಾವಕನ ಲೆಕ್ಕ

ಆದಿನಾಥ ತೀರ್ಥಂಕರರು ಲೋಕಕ್ಕೆ ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿ ಒಂದು. ಆದ್ದರಿಂದ ಜೈನನಾದವನು ಒಕ್ಕಲುತನ ಮಾಡಬಾರದು ಎಂಬ ಮಾತಿಗೆ ಉತ್ತರ ಕರ್ನಾಟಕದ ಜೈನ ಒಕ್ಕಲಿಗ ಮನೆಗಳು ಎಂದೂ ಕಿವಿಗೊಟ್ಟಿಲ್ಲ. ನಮ್ಮ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ಕಂಡಿದ್ದಾರೆ: ಅಡುಗೆ, ಗುಡಿಸುವಿಕೆಯಂಥ ಮನೆಗೆಲಸದಲ್ಲಿ ಆಗುವ ಆರಂಭೀ, ಉಳುಮೆ-ವ್ಯಾಪಾರದಲ್ಲಿ ಆಗುವ ಉದ್ಯೋಗೀ, ಆಕ್ರಮಣ ತಡೆಯುವಾಗ ಆಗುವ ವಿರೋಧೀ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ. ಗೃಹಸ್ಥನು ಪೂರ್ತಿ ಬಿಡಬೇಕಾದದ್ದು ಕೊನೆಯದನ್ನು. ಉಳಿದ ಮೂರರಲ್ಲಿ ಯತ್ನಾಚಾರ, ಅಂದರೆ ಎಚ್ಚರ, ಸಾಕು.

ಹೊಲಕ್ಕೆ ನುಗ್ಗಿದ ಹಂದಿಯನ್ನು ಕೊಲ್ಲುವುದು ವಿರೋಧೀ ಹಿಂಸೆಯೇ ಎಂಬ ವಾದ ಸಮಾಜದ ಬೈಠಕ್‌ಗಳಲ್ಲಿ ಕೇಳಿಬರುತ್ತದೆ. ವಾದ ಪೂರ್ತಿ ಹುಸಿಯಲ್ಲ. ಬದುವಿನ ಮೇಲೆ ಗಾಯಗೊಂಡ ಹಂದಿ ಎದೆಗೆ ನುಗ್ಗಿದಾಗ ಕೈಯಲ್ಲಿದ್ದ ಕೊಡಲಿ ಬೀಸಿದವನನ್ನು ಧರ್ಮವೂ ಕಾನೂನೂ ಒಂದೇ ಕಣ್ಣಿನಿಂದ ನೋಡುತ್ತವೆ. ಆದರೆ ಸಂಜೆ ಕೂತು ತಂತಿ ಅಳೆದು, ಗಂಟು ಹಾಕಿ, ಯಾವ ದಾರಿಯಲ್ಲಿ ಬರುತ್ತದೆಂದು ಹೆಜ್ಜೆ ನೋಡಿ ಕಟ್ಟಿ, ಮನೆಗೆ ಬಂದು ಮಲಗುವುದರಲ್ಲಿ ಎದುರಾಳಿ ಎಲ್ಲಿದ್ದಾನೆ? ಅದು ಸಂಕಲ್ಪವೇ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಯಶೋಧರ ಜನ್ಮಜನ್ಮಾಂತರ ಅಲೆದ ಕಥೆ ಕೇಳಿ ಬೆಳೆದ ಮನೆಗಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನ ನಿರೋಧ. ಉರುಳಿಗೆ ಕಾಲು ಸಿಕ್ಕಿ ಎರಡು ಹಗಲು ನೀರಿಲ್ಲದೆ ಜಗ್ಗುವ ಪ್ರಾಣಿಯಲ್ಲಿ ಆ ಐದರಲ್ಲಿ ಎಷ್ಟಿವೆ ಎಂದು ಎಣಿಸಿಕೊಳ್ಳಬಹುದು.

ಲಕ್ಷ್ಮೇಶ್ವರ, ಹಿಂದಿನ ಪುಲಿಗೆರೆ, ನೇಮಿನಾಥರ ಲಾಂಛನವಾದ ಶಂಖದ ಹೆಸರನ್ನು ಹೊತ್ತ ಶಂಖ ಬಸದಿಯ ಊರು. ಮದುವೆಯ ಔತಣಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಮೊರೆ ಕೇಳಿ ರಥ ತಿರುಗಿಸಿದವರು ಆ ತೀರ್ಥಂಕರರು. ಹದಿಮೂರನೆಯ ವಿಮಲನಾಥರ ಲಾಂಛನ ಹಂದಿ, ಹದಿನಾರನೆಯ ಶಾಂತಿನಾಥರದು ಜಿಂಕೆ. ಬೆಳಿಗ್ಗೆ ಅಭಿಷೇಕದಲ್ಲಿ ಪೀಠದ ಮೇಲೆ ಕಾಣುವ ಎರಡು ಪ್ರಾಣಿಗಳೇ ರಾತ್ರಿ ಹೊಲದಲ್ಲಿ ಕಾಣುವುದು.

ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಜೈನ ಮನೆಯಲ್ಲಿ ಬಂದೂಕು ಹಿಡಿದು ಹಂದಿ ಹೊಡೆಯುವವರು ಇಲ್ಲವೆಂದೇ ಹೇಳಬೇಕು. ನಿಜವಾದ ಸಮಸ್ಯೆ ಬೇರೆ ಕಡೆ ಇದೆ. ಗದಗ-ಬೆಟಗೇರಿಯಲ್ಲಿ ಅಂಗಡಿ, ಶಿರಹಟ್ಟಿ ಅಥವಾ ಮುಂಡರಗಿ ಕಡೆ ಹಿರಿಯರ ಹೊಲ, ಇದು ಅನೇಕ ಕುಟುಂಬಗಳ ಸ್ಥಿತಿ. ಹೊಲ ಪಾಲಿಗೋ ಲಾವಣಿಗೋ ಹೋಗಿರುತ್ತದೆ. ಉಳುವವನು ತಂತಿ ಹಾಕುತ್ತಾನೆ. ಸುಗ್ಗಿಗೆ ಚೀಲ ಮನೆಗೆ ಬರುತ್ತವೆ. "ನಾವು ಕೇಳಲಿಲ್ಲ, ಅವನು ಹೇಳಲಿಲ್ಲ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಜೈನ ಕರ್ಮಸಿದ್ಧಾಂತದಲ್ಲಿ ಕೃತ, ಕಾರಿತ, ಅನುಮೋದನೆ ಮೂರೂ ಬಂಧಕ್ಕೆ ಕಾರಣ. ಮನಸ್ಸು, ಮಾತು, ಕಾಯಗಳೊಂದಿಗೆ ಗುಣಿಸಿದರೆ ಒಂಬತ್ತು ಬಾಗಿಲು. ಕೇಳದೆ ಇರುವುದು ಅನುಮೋದನೆಯಲ್ಲವೆ ಎಂಬುದನ್ನು ಮುನಿಮಹಾರಾಜರ ಮುಂದೆ ಚಾತುರ್ಮಾಸ್ಯದಲ್ಲಿ ಇಟ್ಟು ನೋಡಬೇಕಾದ ಪ್ರಶ್ನೆ. ಕಾನೂನಿನ ತೊಡಕೂ ಇದೆ. ಪಹಣಿ ಯಾರ ಹೆಸರಿನಲ್ಲಿದೆಯೋ ತನಿಖೆ ಮೊದಲು ಅವರ ಮನೆಗೇ ಬರುತ್ತದೆ. ಪಾಲಿನವನ ಜೊತೆಗಿನ ಒಪ್ಪಂದ ಬಾಯಿಮಾತಿನದಾಗಿದ್ದರೆ ತೋರಿಸಲು ಕಾಗದವೂ ಇರುವುದಿಲ್ಲ.

ಅಂಗಡಿಯ ಗಲ್ಲಾಪೆಟ್ಟಿಗೆಯ ಮಾತೂ ಬರಬೇಕು. ಅನರ್ಥದಂಡ ವ್ರತದಲ್ಲಿ ಹಿಂಸಾದಾನ ಎಂಬ ದೋಷವಿದೆ, ಅಂದರೆ ವಿಷ, ಆಯುಧ, ಬೆಂಕಿಯಂಥ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು. ಶ್ವೇತಾಂಬರ ಸಂಪ್ರದಾಯದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯ ಹೆಸರಿಟ್ಟೇ ಬರುತ್ತದೆ. ಕೀಟನಾಶಕ ಮಾರುವ ಅಂಗಡಿಯನ್ನು ಮುಚ್ಚಿ ಎಂದು ಹೇಳುವುದು ಸುಲಭ, ಆ ಅಂಗಡಿಯಿಂದಲೇ ಮಕ್ಕಳ ಫೀ ಕಟ್ಟುವವರಿಗೆ ಅದು ಸುಲಭವಲ್ಲ. ಆದರೆ "ಹಂದಿಗೆ ಏನಾದರೂ ಕೊಡಿ" ಎಂದು ಬಂದ ಗಿರಾಕಿಗೆ ಇಲ್ಲ ಎನ್ನುವುದು ಯಾವ ವ್ಯಾಪಾರಿಗೂ ಸಾಧ್ಯ. ಥಿಮೆಟ್ ಎಂದು ರೈತರು ಕರೆಯುವ ಫೊರೇಟ್ 2020ರ ಕೊನೆಯಿಂದ ದೇಶದಲ್ಲಿ ನಿಷಿದ್ಧ. ಹಳೆಯ ದಾಸ್ತಾನು ಎಂಬ ನೆವ ಈಗ ನಡೆಯದು.

ಕೊಲ್ಲದೆ ಕಾಯುವ ದಾರಿಗಳು

ಒಂದೇ ಉಪಾಯದಿಂದ ಹಂದಿ ನಿಲ್ಲುವುದಿಲ್ಲ. ಹಂದಿ ಜಾಣ ಪ್ರಾಣಿ, ವಾರದೊಳಗೆ ಸದ್ದಿಗೆ ಒಗ್ಗಿಕೊಳ್ಳುತ್ತದೆ. ನಾಯಿ ಬೊಗಳುವ, ಜನ ಕೂಗುವ ಧ್ವನಿಮುದ್ರಣ ಹಾಕುವ ಬ್ಯಾಟರಿ ಸ್ಪೀಕರ್‌ಗಳನ್ನು ಈಗ ಅನೇಕರು ಹೊಲದಲ್ಲಿ ಇಡುತ್ತಿದ್ದಾರೆ. ಅದನ್ನು ದಿನಾ ಒಂದೇ ಮೂಲೆಯಲ್ಲಿ, ಒಂದೇ ಸದ್ದಿನಲ್ಲಿ ಇಟ್ಟರೆ ದುಡ್ಡು ದಂಡ. ಜಾಗ, ಸದ್ದು, ಹೊತ್ತು ಬದಲಿಸುತ್ತಿರಬೇಕು.

ಹೆಚ್ಚು ಭರವಸೆಯದು ಸೌರ ಬೇಲಿ. ನೇರ ಕರೆಂಟಿಗೂ ಇದಕ್ಕೂ ಇರುವ ಭೇದ ತಿಳಿಯದೆ ಎರಡನ್ನೂ "ಕರೆಂಟ್ ಬೇಲಿ" ಎನ್ನುತ್ತಾರೆ. ಸೌರ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಮಾತ್ರ ವಿದ್ಯುತ್ ಬಿಡುತ್ತದೆ. ಪ್ರಾಣಿಗೆ ಚುರುಕ್ ಎನ್ನುತ್ತದೆ, ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಹಂದಿಗಾದರೆ ಕೆಳಗಿನ ಎಳೆ ನೆಲಕ್ಕೆ ಹತ್ತಿರ ಇರಬೇಕು, ತಂತಿಗೆ ತಾಗುವ ಹುಲ್ಲು ಕೀಳುತ್ತಿರಬೇಕು. ಹುಲ್ಲು ಬೆಳೆಯಲು ಬಿಟ್ಟು ಬೇಲಿ ಸರಿಯಿಲ್ಲ ಎನ್ನುವವರೇ ಹೆಚ್ಚು. ಎರಡೆಕರೆಯವನಿಗೆ ಖರ್ಚು ಭಾರ. ಅಕ್ಕಪಕ್ಕದ ಏಳೆಂಟು ಹೊಲದವರು ಸೇರಿ ಸುತ್ತ ಒಂದೇ ಬೇಲಿ ಹಾಕಿದರೆ ಎಕರೆಗೆ ಬೀಳುವ ಪಾಲು ಬಹಳ ಇಳಿಯುತ್ತದೆ. ಹೊಲ ಚೌಕವಾಗಿದ್ದಷ್ಟೂ, ದೊಡ್ಡದಾದಷ್ಟೂ ಬೇಲಿ ಅಗ್ಗ ಎಂಬುದು ಶಾಲೆಯ ಲೆಕ್ಕ. ಬಸದಿಯ ಹೊಲಗಳಿರುವ ಕಡೆ ಟ್ರಸ್ಟಿಗಳೇ ಮುಂದಾಗಿ ಇದನ್ನು ಮಾಡಿ ತೋರಿಸಬಹುದು.

ಹಿಂಗಾರಿ ಜೋಳದ ಸುತ್ತ ಕುಸುಬಿಯ ಸಾಲು ಹಾಕುವುದು ನಮ್ಮ ಭಾಗದ ಹಳೆಯ ರೂಢಿ. ದನ ನುಗ್ಗದಿರಲಿ ಎಂದು. ಮುಳ್ಳಿನ ಕುಸುಬಿ ದಟ್ಟವಾಗಿ ಬಿತ್ತಿದರೆ ಹಂದಿಯೂ ಹಿಂಜರಿಯುತ್ತದೆ ಎಂದು ಕೃಷಿ ವಿಜ್ಞಾನಿಗಳೂ ಈಗ ಹೇಳುತ್ತಾರೆ. ಗೋವಿನಜೋಳದ ಸುತ್ತ ಔಡಲ ಹಾಕುವ ಸಲಹೆಯೂ ಇದೆ. ಇಲ್ಲೊಂದು ಎಚ್ಚರಿಕೆ ಬೇಕು: ಶಿಫಾರಸಾಗುವ ಕೆಲವು ವಿಕರ್ಷಕಗಳು ಹಂದಿಯ ಕೊಬ್ಬು ಸವರಿದ ಹಗ್ಗ, ಮೊಟ್ಟೆಯ ದ್ರಾವಣ ಇತ್ಯಾದಿ. ಕೊಳ್ಳುವ ಮುಂಚೆ ಡಬ್ಬಿಯ ಮೇಲಿನದನ್ನು ಓದಿಕೊಳ್ಳುವುದು ಶ್ರಾವಕರಿಗೆ ಒಳ್ಳೆಯದು.

ಮಾಗಡಿ ಕೆರೆಯ ಉದಾಹರಣೆ ಇದೇ ಶಿರಹಟ್ಟಿ ಸೀಮೆಯದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವಿಡೀ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಊರವರು ಅವನ್ನು ಹೊಡೆಯಲಿಲ್ಲ, ಅತಿಥಿಗಳೆಂದು ಕಾಯ್ದರು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಊರವರು ಬಹುಪಾಲು ಜೈನರಲ್ಲ. ಹಕ್ಕಿ ಮೇಯುವುದಕ್ಕೂ ಹಂದಿ ಕೆದರುವುದಕ್ಕೂ ಹಾನಿಯಲ್ಲಿ ಅಜಗಜಾಂತರ ಇದೆ ಎಂಬುದೂ ನಿಜ.

ಹಾನಿಯಾದಾಗ ಪರಿಹಾರ ಕೇಳುವುದರಲ್ಲಿ ನಮ್ಮವರು ಹಿಂದೆ. "ಅಷ್ಟಕ್ಕೆ ಯಾರು ಓಡಾಡುತ್ತಾರೆ" ಎಂದು ಬಿಟ್ಟುಬಿಡುತ್ತಾರೆ. ಆದರೆ ಅರ್ಜಿ ಬರದ ಊರಿನಲ್ಲಿ ಸರ್ಕಾರದ ಕಡತದ ಪ್ರಕಾರ ಹಾನಿಯೇ ಆಗಿರುವುದಿಲ್ಲ. ವಿಮೆಗಾಗಿ ಜಿಲ್ಲೆ-ಪ್ರಾಣಿಗಳ ಪಟ್ಟಿ ತಯಾರಾಗುವಾಗ ನೋಡುವುದು ಅದೇ ಕಡತವನ್ನು. ಅರಣ್ಯ ಇಲಾಖೆಯ ದಯಾತ್ಮಕ ಧನಕ್ಕೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಹಾನಿಯ ಫೋಟೊ ಜೊತೆಗಿರಲಿ. ಕೆದರಿದ ಮಣ್ಣು, ಹೆಜ್ಜೆ ಗುರುತು ಅಳಿಯುವ ಮುನ್ನ, ಅಂದರೆ ಅದೇ ದಿನ ಬೆಳಿಗ್ಗೆ ಫೋಟೊ ತೆಗೆಯಬೇಕು. ಪಕ್ಕದಲ್ಲಿ ಕೈಯನ್ನೋ ಕುಡಗೋಲನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ಉರುಳಿಗೆ ಸಿಕ್ಕ ಪ್ರಾಣಿ ಕಂಡರೆ ಬಿಡಿಸಲು ಹೋಗದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು.

ಪಾಲಿಗೆ ಹೊಲ ಕೊಟ್ಟವರು ಈ ಸಲ ಯುಗಾದಿಗೆ ಕರಾರು ಮಾಡಿಕೊಳ್ಳುವಾಗ ಎರಡು ಸಾಲು ಹೆಚ್ಚಿಗೆ ಬರೆಸಬಹುದು. ಹೊಲದಲ್ಲಿ ನೇರ ಕರೆಂಟ್, ಉರುಳು, ವಿಷ, ಸಿಡಿಮದ್ದು ಇಡಕೂಡದು ಎಂಬುದು ಒಂದು. ಹಂದಿಯಿಂದ ಹಾನಿಯಾದರೆ ಆ ನಷ್ಟ ಉಳುವವನೊಬ್ಬನ ತಲೆಗಲ್ಲ, ಮಾಲೀಕನ ಪಾಲಿನಿಂದಲೂ ಕಳೆಯಬೇಕು, ಬೇಲಿಯ ಖರ್ಚಿನಲ್ಲಿ ಅರ್ಧ ಮಾಲೀಕನದು ಎಂಬುದು ಇನ್ನೊಂದು. ಎರಡನೆಯದನ್ನು ಬರೆಸದೆ ಮೊದಲನೆಯದನ್ನು ಮಾತ್ರ ಬರೆಸಿದರೆ ಅಹಿಂಸೆಯ ಖರ್ಚನ್ನು ಬಡವನ ಲೆಕ್ಕಕ್ಕೆ ಬರೆದಂತಾಗುತ್ತದೆ, ಅವನು ತಂತಿಯನ್ನು ಇನ್ನಷ್ಟು ಗುಟ್ಟಾಗಿ ಹಾಕುತ್ತಾನೆ.